ಉಪ್ಪು ಗಾಳಿಯೂ ಚಕ್ರದ ಕಲಾಯಿಯೂ

ಅಲ್ಯೂಮಿನಿಯಮ್‌ಗೆ ತುಕ್ಕು ಹಿಡಿಯೂದಿಲ್ಲ ಅಂತ ಹೇಳೂವವರು ಘಟ್ಟದ ಮೇಲಿನವರೇ ಇರಬೇಕು. ನಮ್ಮ ಕಾರವಾರ-ಅಂಕೋಲೆ ಬದಿ ಸಮುದ್ರಕ್ಕೆ ಮುಖ ಮಾಡಿದ ಮನೆಯ ಅಲ್ಯೂಮಿನಿಯಮ್ ಕಿಟಕಿ ನೋಡಿದ್ರೆ ಸಾಕು, ಗೊತ್ತಾಗ್ತದೆ. ಕಬ್ಬಿಣದ ಹಾಂಗೆ ಕೆಂಪಗಾಗಿ ಉದುರೂದಿಲ್ಲ, ಹೌದು. ಆದ್ರೆ ಬೂದಿ ಮೆತ್ತಿದ ಹಾಂಗೆ ಬಿಳಿಚಿಕೊಳ್ತದೆ, ಆಮೇಲೆ ಸೂಜಿ ಚುಚ್ಚಿದಷ್ಟು ಸಣ್ಣ ಸಣ್ಣ ಗುಳಿ ಬೀಳ್ತದೆ. 1930ರಲ್ಲಿ ಉಪ್ಪಿನ ಸತ್ಯಾಗ್ರಹ ಮಾಡಿದ ಊರು ನಮ್ಮ ಅಂಕೋಲೆ. ಉಪ್ಪು ನಮಗೆ ಹೆಮ್ಮೆಯೂ ಹೌದು, ಮನೆಯಲ್ಲಿರೂ ಲೋಹಕ್ಕೆಲ್ಲ ಶತ್ರುವೂ ಹೌದು.

ಈ ಸಲ ಬರೀತಾ ಇರೂದು ಕಾರಿನ ಅಲಾಯ್ ಚಕ್ರದ ಬಗ್ಗೆ. ಇದು ಗಂಡಸರ ವಿಷಯ, ಇವಳಿಗೆ ಎಂತಕ್ಕೆ ಅನ್ನಬೇಡಿ. ಪಾತ್ರೆಗೆ ಕಲಾಯಿ ಹಾಕಿಸಿದವರಿಗೆ ಈ ಕೆಲಸ ಅರ್ಧ ಗೊತ್ತಿದ್ದ ಹಾಂಗೇ. ಹಳೇ ಲೇಪ ತೆಗೆಯೂದು, ಒಳಗಿನ ಲೋಹ ನೋಡೂದು, ಹೊಸ ಲೇಪ ಕೊಡೂದು, ಇಷ್ಟೇ. ಇದಕ್ಕೆ ಎಷ್ಟು ದೊಡ್ಡ ಚರಿತ್ರೆ ಉಂಟು ಅಂತ ತಿಳಿದಾಗ ನನಗೇ ಆಶ್ಚರ್ಯ ಆಯ್ತು.

ಮೊದಲು ಗಾಡಿ ಚಕ್ರದಿಂದ ಶುರು ಮಾಡ್ತೆ. ನಮ್ಮ ಜಿಲ್ಲೆ ಮೊದಲು ಮದ್ರಾಸ್ ಆಡಳಿತದಲ್ಲಿತ್ತು. 1862ರಲ್ಲಿ ಮುಂಬಯಿಗೆ ಸೇರಿತು. ಕಾರವಾರ ಬಂದರಿನ ಮೇಲೆ, ಧಾರವಾಡ ಕಡೆಯ ಹತ್ತಿಯ ಮೇಲೆ ಮುಂಬಯಿಯವರಿಗೆ ಕಣ್ಣಿತ್ತು. ಹತ್ತಿ ಅಂಡಿಗೆ ತುಂಬಿದ ಎತ್ತಿನ ಗಾಡಿಗಳು ಅರಬೈಲ್ ಘಟ್ಟ ಇಳಿದು ಬಂದರಿಗೆ ಬರ್ತಿದ್ವು. ಆ ಚಕ್ರ ಮರದ್ದು, ಸುತ್ತ ಕಬ್ಬಿಣದ ಪಟ್ಟಿ. ಕಮ್ಮಾರರು ಪಟ್ಟಿಯನ್ನು ಕೆಂಪಗೆ ಕಾಯಿಸಿ, ಹಿಗ್ಗಿದಾಗ ಮರದ ಚಕ್ರಕ್ಕೆ ತೊಡಿಸಿ, ಮೇಲೆ ನೀರು ಸುರೀತಿದ್ರು. ಪಟ್ಟಿ ಕುಗ್ಗಿ ಮರವನ್ನು ಬಿಗಿಯಾಗಿ ಹಿಡೀತಿತ್ತು. ಅದಕ್ಕೆ ಬಣ್ಣ ಇಲ್ಲ, ಹೊಳಪೂ ಇಲ್ಲ. ಎಂತಾ ಚಕ್ರ ಅಂತ ಕಣ್ಣಿಗೇ ಕಾಣ್ತಿತ್ತು. ಮರ ಸೀಳಿದ್ರೆ ಸೀಳೂ ಕಾಣ್ತಿತ್ತು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗ್ತದೆ.

ಮೊದಮೊದಲ ಕಾರಿಗೂ ಮರದ ಕಡ್ಡಿಯ ಚಕ್ರವೇ. ಆಮೇಲೆ ಸೈಕಲ್ಲಿನ ಹಾಂಗೆ ತಂತಿ ಕಡ್ಡಿಯ ಚಕ್ರ, ಆಮೇಲೆ ತಗಡು ಒತ್ತಿ ಮಾಡಿದ ಉಕ್ಕಿನ ಚಕ್ರ ಬಂತು. ಅಲ್ಯೂಮಿನಿಯಮ್ ಚಕ್ರಕ್ಕೆ ಬರೂ ಮೊದಲು ಅಡುಗೆಮನೆಗೆ ಬಂತು.

ಈ ಲೋಹವನ್ನು ಮೊದಲು ಬೇರ್ಪಡಿಸಿದ್ದು 1825ರಲ್ಲಿ, ಡೆನ್ಮಾರ್ಕಿನ ಅರ್ಸ್ಟೆಡ್. ಆಗ ತುಂಬಾ ದುಬಾರಿ. 1886ರಲ್ಲಿ ಅಮೆರಿಕದ ಹಾಲ್, ಫ್ರಾನ್ಸಿನ ಎರೂ ಇಬ್ಬರೂ ಬೇರೆ ಬೇರೆಯಾಗಿ ವಿದ್ಯುತ್ತಿನಿಂದ ತೆಗೆಯೂ ದಾರಿ ಕಂಡುಹಿಡಿದ ಮೇಲೆ ಅಗ್ಗ ಆಯ್ತು. ನಮ್ಮ ದೇಶದಲ್ಲಿ ಇದರ ಪಾತ್ರೆ ಮಾಡೂ ಕೆಲಸವನ್ನು 1898ರಲ್ಲಿ ಮದ್ರಾಸಿನ ಕಲಾಶಾಲೆಯಲ್ಲಿ ಶುರು ಮಾಡಿಸಿದವರು ಆಲ್ಫ್ರೆಡ್ ಚಾಟರ್ಟನ್. ಇದೇ ಚಾಟರ್ಟನ್ ಆಮೇಲೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯನ್ನೂ ನಡೆಸಿದ್ರು. ಅಲ್ಯೂಮಿನಿಯಮ್ ಪಾತ್ರೆಗೆ ಕಲಾಯಿ ಬೇಡ, ಹೊರೂದಕ್ಕೂ ಹಗುರ. ಹೀಂಗಾಗಿ ಮನೆಮನೆಯಲ್ಲಿ ತಾಮ್ರ, ಹಿತ್ತಾಳೆ ನಿಧಾನಕ್ಕೆ ಅಟ್ಟ ಹತ್ತಿದ್ವು.

ಆದ್ರೆ ಬರೀ ಅಲ್ಯೂಮಿನಿಯಮ್ ಮೆತ್ತಗಿನ ಲೋಹ. ಪಾತ್ರೆ ಕೆಳಗೆ ಬಿದ್ರೆ ಸೊಟ್ಟ ಆಗ್ತದಲ್ಲ, ಹಾಂಗೆ. ಅದರಿಂದ ಚಕ್ರ ಮಾಡಿದ್ರೆ ಒಂದು ಹೊಂಡಕ್ಕೆ ಬಿದ್ದಾಗಲೇ ಮುಗೀತು. ಇದಕ್ಕೆ ದಾರಿ ತೋರಿಸಿದ್ದು ಜರ್ಮನಿಯ ಆಲ್ಫ್ರೆಡ್ ವಿಲ್ಮ್. 1906ರಲ್ಲಿ ಅವನು ಅಲ್ಯೂಮಿನಿಯಮ್‌ಗೆ ಸ್ವಲ್ಪ ತಾಮ್ರ, ಸ್ವಲ್ಪ ಮೆಗ್ನೀಸಿಯಮ್ ಕೂಡಿಸಿ, ಕಾಯಿಸಿ ನೀರಿಗೆ ಅದ್ದಿದ. ಕೂಡಲೇ ಏನೂ ವಿಶೇಷ ಕಾಣಲಿಲ್ಲ. ಸುಮ್ಮನೆ ಇಟ್ಟು ಕೆಲವು ದಿನ ಬಿಟ್ಟು ನೋಡಿದ್ರೆ ಲೋಹ ಮೊದಲಿಗಿಂತ ಗಟ್ಟಿ ಆಗಿತ್ತು. ಇಡ್ಲಿ ಹಿಟ್ಟು ರಾತ್ರಿ ಇಟ್ಟು ಹದಕ್ಕೆ ತರೂವವರಿಗೆ ಇದು ವಿಚಿತ್ರ ಅನ್ನಿಸಲಿಕ್ಕಿಲ್ಲ. ಲೋಹಕ್ಕೂ ಹದ ಬರ್ಲಿಕ್ಕೆ ಹೊತ್ತು ಬೇಕು. ಇಂದಿನ ಎರಕದ ಚಕ್ರಕ್ಕೆ ಹಾಕೂ ಮಿಶ್ರಣ ಬೇರೆ, ನೂರಕ್ಕೆ 7 ಭಾಗ ಸಿಲಿಕಾನ್, ಚೂರು ಮೆಗ್ನೀಸಿಯಮ್. ಹದ ಮಾಡೂ ರೀತಿ ಮಾತ್ರ ಅದೇ. 500 ಡಿಗ್ರಿ ದಾಟಿಸಿ ಕಾಯಿಸೂದು, ನೀರಿಗೆ ಅದ್ದೂದು, ಮತ್ತೆ 150-170 ಡಿಗ್ರಿಯಲ್ಲಿ ಕೆಲವು ತಾಸು ಇಡೂದು.

ಮೊದಲ ಹೆಸರಾಂತ ಅಲ್ಯೂಮಿನಿಯಮ್ ಚಕ್ರ ಬಂದದ್ದು 1924ರ ಆಗಸ್ಟಿನಲ್ಲಿ, ಫ್ರಾನ್ಸಿನ ಲಿಯೋನ್ ಓಟದಲ್ಲಿ, ಬುಗಾಟಿ ಟೈಪ್ 35 ಕಾರಿಗೆ. ಎಂಟು ಚಪ್ಪಟೆ ಕಡ್ಡಿಯ ಎರಕದ ಚಕ್ರ. ಬ್ರೇಕಿನ ಡ್ರಮ್ಮೂ ಚಕ್ರದ ಒಳಗೇ ಸೇರಿತ್ತು. ಚಕ್ರ ಕಳಚಿದ್ರೆ ಡ್ರಮ್ಮೂ ಕೂಡೇ ಬರ್ತಿತ್ತು, ಬ್ರೇಕ್ ನೋಡೂದಕ್ಕೆ ಸುಲಭ. ಚಂದಕ್ಕೆ ಮಾಡಿದ್ದಲ್ಲ ಅದು, ಹಗುರಕ್ಕೆ ಮಾಡಿದ್ದು. ಚಕ್ರ ಹಗುರ ಆದ್ರೆ ಎಂತ ಲಾಭ ಅಂತ ಮೈದುನನ ಹತ್ರ ಕೇಳಿದ್ದೆ. "ಅತ್ತಿಗೆ, ತಲೆ ಮೇಲೆ ಮೀನಿನ ಬುಟ್ಟಿ ಹೊತ್ತು ನಡೆಯೂದು ಬೇರೆ, ಕಾಲಿಗೆ ಕಲ್ಲು ಕಟ್ಟಿಕೊಂಡು ನಡೆಯೂದು ಬೇರೆ ಅಲ್ದಾ?" ಅಂದ. ಅಷ್ಟಕ್ಕೇ ತಿಳೀತು.

ಅಲ್ಯೂಮಿನಿಯಮ್‌ಗಿಂತ ಹಗುರ ಮೆಗ್ನೀಸಿಯಮ್. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಹ್ಯಾಲಿಬ್ರಾಂಡ್ ಹೆಸರಿನ ಮೆಗ್ನೀಸಿಯಮ್ ಚಕ್ರ ಓಟದ ಕಾರುಗಳಿಗೆ ಬಂತು. 1960ರ ದಶಕದಲ್ಲಿ ಇಂಗ್ಲೆಂಡಿನ ಮಿನಿ ಕಾರುಗಳಿಗೆ ಮಿನಿಲೈಟ್ ಚಕ್ರ ಬಂತು. ಇವತ್ತಿಗೂ ಕೆಲವರು ಅಲ್ಯೂಮಿನಿಯಮ್ ಚಕ್ರಕ್ಕೂ 'ಮ್ಯಾಗ್ ವೀಲ್' ಅನ್ನೂದು ಅಲ್ಲಿಂದ ಉಳಿದ ಮಾತು. ಬೆಂಗಳೂರಿನ ಎಚ್‌ಎಎಲ್ ಎರಕದ ವಿಭಾಗದಲ್ಲಿಯೂ ವಿಮಾನಕ್ಕಾಗಿ ಈ ಎರಡೂ ಲೋಹದ ಎರಕ ಆಗ್ತದೆ. ಆದ್ರೆ ಮೆಗ್ನೀಸಿಯಮ್ ಹತ್ರ ಹುಷಾರು ಬೇಕು. ಬೆಂಕಿ ಹಿಡಿದ್ರೆ ನೀರಿಗೂ ಆರೂದಿಲ್ಲ, ನೀರು ಹಾಕಿದ್ರೆ ಇನ್ನೂ ಜೋರಾಗ್ತದೆ. 1955ರಲ್ಲಿ ಫ್ರಾನ್ಸಿನ ಲೆ ಮಾನ್ಸ್ ಓಟದಲ್ಲಿ ಮರ್ಸಿಡಿಸ್ ಕಾರು ಜನರ ಮೇಲೆ ಹಾರಿ 80ಕ್ಕೂ ಹೆಚ್ಚು ಜನ ಸತ್ತರು. ಅದರ ಮೈ ಮೆಗ್ನೀಸಿಯಮ್ ಮಿಶ್ರದ್ದು, ಬೆಳ್ಳಗೆ ಉರಿದುಹೋಯ್ತು. ಹಳೇ ಚಕ್ರ ಉಜ್ಜೂ ಮೊದಲು ಅದು ಯಾವ ಲೋಹ ಅಂತ ತಿಳಿಯಬೇಕು ಅನ್ನೂದು ಇದಕ್ಕೇ. ಮೆಗ್ನೀಸಿಯಮ್ ಆದ್ರೆ ಉಜ್ಜಿದ ಪುಡಿಯೂ ಕಿಡಿಗೆ ಹೊತ್ತಿಕೊಳ್ತದೆ. ಅದು ಮನೆಯಲ್ಲಿ ಮಾಡೂ ಕೆಲಸ ಅಲ್ಲ.

ಇನ್ನು ಲೇಪದ ಕತೆ. ನನಗೆ ಬಹಳ ಹಿಡಿಸಿದ್ದು ಇದೇ. ಅಲ್ಯೂಮಿನಿಯಮ್‌ಗೆ ರಕ್ಷಣೆ ಬೇಕು ಅಂತ ಮೊದಲು ತಲೆ ಕೆಡಿಸಿಕೊಂಡವರು ಕಾರಿನವರಲ್ಲ, ಸಮುದ್ರದ ಮೇಲೆ ಇಳಿಯೂ ವಿಮಾನ ಮಾಡಿದವರು. ವಿಲ್ಮ್ ಕಂಡುಹಿಡಿದ ಗಟ್ಟಿ ಮಿಶ್ರಲೋಹದಿಂದ ವಿಮಾನ ಕಟ್ಟಿದ್ರು, ಉಪ್ಪು ನೀರು ಅದನ್ನು ತಿಂದಿತು. ತಾಮ್ರ ಸೇರಿದ್ರೆ ಅಲ್ಯೂಮಿನಿಯಮ್ ಇನ್ನೂ ಬೇಗ ಹಾಳಾಗ್ತದೆ. 1923ರಲ್ಲಿ ಇಂಗ್ಲೆಂಡಿನಲ್ಲಿ ಬೆಂಗೋ, ಸ್ಟುವರ್ಟ್ ಅನ್ನೂ ಇಬ್ಬರು ಆ ಲೋಹವನ್ನು ಆಮ್ಲದಲ್ಲಿ ಇಟ್ಟು ವಿದ್ಯುತ್ ಹರಿಸಿ ಅದರ ಮೈಮೇಲೆಯೇ ಗಟ್ಟಿ ಪೊರೆ ಬೆಳೆಸಿದ್ರು. ಇದಕ್ಕೆ ಆನೋಡೈಸಿಂಗ್ ಅಂತಾರೆ. ಮೇಲಿಂದ ಬಳಿದ ಬಣ್ಣ ಅಲ್ಲ ಅದು, ಲೋಹದಿಂದಲೇ ಹುಟ್ಟಿದ ಚರ್ಮ. 1966ರ ಹೊತ್ತಿಗೆ ಜರ್ಮನಿಯ ಪೋರ್ಷೆ 911 ಎಸ್ ಕಾರಿಗೆ ಬಂದ ಫುಕ್ಸ್ ಚಕ್ರಕ್ಕೆ ಇದೇ ಚರ್ಮ. ಆ ಚಕ್ರ ಎರಕದ್ದಲ್ಲ, ಒತ್ತಿ ಬಡಿದು ಮಾಡಿದ್ದು, ಐದು ಎಸಳಿನ ಹೂವಿನ ಹಾಂಗೆ ಕಾಣ್ತದೆ. ಬೇರೆ ಚಕ್ರಗಳಿಗೆ ಸಾಮಾನ್ಯವಾಗಿ ಪ್ರೈಮರ್, ಬೆಳ್ಳಿ ಬಣ್ಣ, ಮೇಲೆ ಗಾಜಿನ ಹಾಂಗಿನ ಲ್ಯಾಕರ್.

ಅಂದ್ರೆ ಚಕ್ರದ ಹೊಳಪು ಮೊದಲು ಶೋಕಿಗೆ ಬಂದದ್ದಲ್ಲ, ಉಪ್ಪಿಗೆ ಹೆದರಿ ಬಂದದ್ದು. ಕಡಲ ಬದಿಯ ನಮಗೆ ಇದು ಬೇಗ ಅರ್ಥ ಆಗ್ಬೇಕು. ದೋಣಿಯ ಮರಕ್ಕೆ ಮೀನೆಣ್ಣೆ, ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯೂದೂ ಚಂದಕ್ಕಲ್ಲವಲ್ಲ.

ನಮ್ಮ ದೇಶದ ರಸ್ತೆಯಲ್ಲಿ ಬಹುಕಾಲ ಅಲಾಯ್ ಚಕ್ರ ಅನ್ನೂ ಮಾತೇ ಇರಲಿಲ್ಲ. ಅಂಬಾಸಿಡರ್, ಪದ್ಮಿನಿ, 1983ರಲ್ಲಿ ಬಂದ ಮಾರುತಿ 800, ಎಲ್ಲದಕ್ಕೂ ಉಕ್ಕಿನ ಚಕ್ರ, ಮೇಲೊಂದು ಹೊಳೆಯೂ ಟೋಪಿ. ಕರ್ನಾಟಕದಲ್ಲಿ ಬೆಂಗಳೂರಿನ ಸಿಪಾನಿಯವರು 1980ರ ದಶಕದಲ್ಲಿ ಡಾಲ್ಫಿನ್ ಅಂತ ಫೈಬರ್ ಮೈಯ ಪುಟ್ಟ ಕಾರು ಮಾಡಿದ್ರು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಅದರ ಮೂಲ. ಹಗುರ ಅಂತ ರ‍್ಯಾಲಿ ಓಡಿಸೂವವರಿಗೆ ಅದರ ಮೇಲೆ ಪ್ರೀತಿ. 1990ರ ದಶಕದ ಕೊನೆಗೆ ಬೆಂಗಳೂರಿನದೇ ಸ್ಯಾನ್ ಕಂಪನಿ 'ಸ್ಟಾರ್ಮ್' ಅನ್ನೂ ಎರಡೇ ಸೀಟಿನ, ಮಾಡು ತೆಗೆಯೂ ಕಾರು ತಂತು. ಅದೂ ಫೈಬರ್ ಮೈ, ಎಂಜಿನ್ ಮಾತ್ರ ರೆನೋ ಕಂಪನಿದು. ನಮ್ಮ ರಾಜ್ಯದವರು ಮಾಡಿದ ಸ್ಪೋರ್ಟ್ಸ್ ಕಾರು ಅಂದ್ರೆ ಅದೇ. ತಯಾರಾದದ್ದು ಸ್ವಲ್ಪವೇ.

ನಮ್ಮ ಮೈದುನನ ಹತ್ರ ಇರೂದು ಅಂಥದೊಂದು ಸ್ಟಾರ್ಮ್, ಎರಡನೇ ಕೈಯಿಂದ ತಗೊಂಡದ್ದು. 2021ರಲ್ಲಿ ಕೇಂದ್ರ ಸರಕಾರ ಹೊಸ ನಿಯಮ ಮಾಡಿದೆ. 50 ವರ್ಷ ದಾಟಿದ ವಾಹನಕ್ಕೆ ವಿಂಟೇಜ್ ಅಂತ ಬೇರೆ ನೋಂದಣಿ, ನಂಬರಿನಲ್ಲಿ ವಿಎ ಅಕ್ಷರ, ಹೊಸ ನೋಂದಣಿಗೆ 20,000 ರೂಪಾಯಿ. ಆ ಲೆಕ್ಕದಲ್ಲಿ ಇವನ ಕಾರು ಇನ್ನೂ ಎಳೇದು. ಆದ್ರೂ ಮನೆಯಲ್ಲಿ ನಾವು ಅದಕ್ಕೆ ಅಜ್ಜಿ ಕಾರು ಅಂತ್ಲೇ ಕರೆಯೂದು. ಫೈಬರ್ ಮೈಗೆ ಕಾರವಾರದ ಗಾಳಿ ಏನೂ ಮಾಡ್ಲಿಲ್ಲ. ಹಿಂದಿನವರು ಹಾಕಿಸಿದ ಅಲಾಯ್ ಚಕ್ರಕ್ಕೆ ಮಾತ್ರ ಬಿಡ್ಲಿಲ್ಲ. ಲ್ಯಾಕರಿನ ಅಡಿಯಲ್ಲಿ ಬಿಳಿ ಎಳೆ ಎಳೆಯಾಗಿ, ಗೆದ್ದಲು ಗೋಡೆ ಮೇಲೆ ದಾರಿ ಮಾಡಿದ ಹಾಂಗೆ ಓಡಿತ್ತು. ರಸ್ತೆ ಕಲ್ಲು ಬಡಿದು ಲ್ಯಾಕರ್ ಒಂದು ಕಡೆ ಚಕ್ಕೆ ಎದ್ರೆ ಸಾಕು, ಅಲ್ಲಿಂದ ಉಪ್ಪಿನ ತೇವ ಒಳಗೆ ಹೊಕ್ಕು ಬಣ್ಣದ ಅಡಿಯಲ್ಲೇ ದಾರಿ ಮಾಡ್ತದೆ. ಅದಕ್ಕೆ ಮುಂಚೆ ಒಮ್ಮೆ ಒಂದು ಅಂಗಡಿಯಲ್ಲಿ ಬಣ್ಣ ಹೊಡೆಸಿದ್ದ. ಎರಡೇ ದಿನದಲ್ಲಿ ಹೊಸದರ ಹಾಂಗೆ ಮಾಡಿ ಕೊಟ್ಟಿದ್ರು. ಒಂದು ಮಳೆಗಾಲ ಕಳೆಯೂದರೊಳಗೆ ಗುಳ್ಳೆ ಎದ್ದಿತು.

ಕಲಾಯಿಗೂ ಬಣ್ಣಕ್ಕೂ ಇರೂ ವ್ಯತ್ಯಾಸ ಇಲ್ಲೇ ಇರೂದು. ಕಲಾಯಿ ಹಾಕೂವವರು ಪಾತ್ರೆ ತಿಕ್ಕಿ, ಇದ್ದಿಲ ಬೆಂಕಿಯಲ್ಲಿ ತಿದಿ ಒತ್ತಿ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ಬಿಳಿ ಹೊಗೆ ಏಳೂವಾಗ ತವರ ತಾಗಿಸಿ ಹತ್ತಿಯಿಂದ ಸರ್ರನೆ ಒರಸ್ತಾರೆ. ತವರ ಕರಗೂದು 232 ಡಿಗ್ರಿಗೆ. ನವಸಾಗರದ ಕೆಲಸ ಲೋಹದ ಮೇಲಿನ ಕಿಲುಬು ತೆಗೆಯೂದು. ಒಂದು ಬೆರಳಗಲ ಕೊಳೆ ಉಳಿದ್ರೂ ಅಲ್ಲಿ ತವರ ಹಿಡಿಯೂದೇ ಇಲ್ಲ, ಕಪ್ಪಾಗಿ ಉಳೀತದೆ. ಆಯಿ ಪಾತ್ರೆಯನ್ನು ಬಿಸಿಲಿಗೆ ಹಿಡಿದು ನೋಡಿ, ಹಿಡಿದಿಲ್ಲ ಅಂದ್ರೆ ಅಲ್ಲೇ ಇನ್ನೊಮ್ಮೆ ಹಾಕಿಸ್ತಿದ್ರು. ತವರಕ್ಕೆ ಸುಳ್ಳು ಹೇಳ್ಲಿಕ್ಕೆ ಬರೂದಿಲ್ಲ. ಬಣ್ಣ ಹಾಂಗಲ್ಲ. ಕೊಳೆ ಮೇಲೂ ಕೂರ್ತದೆ, ತುಕ್ಕಿನ ಮೇಲೂ ಕೂರ್ತದೆ, ಬಿರುಕಿನ ಮೇಲೂ ಕೂರ್ತದೆ. ಕೂತು ನಗ್ತದೆ.

ಹೀಂಗಾಗಿ ಈ ಸಲ ದೀಪಾವಳಿ ಕಳೆದು ಗಾಳಿ ಒಣಗಿದ ಮೇಲೆ ಮನೆ ಹಿಂದಿನ ಕೊಟ್ಟಿಗೆಯಲ್ಲೇ ಕೆಲಸ ಹಿಡಿದ್ವಿ. ಅಂಕೋಲೆಯಿಂದ ಬಣ್ಣದ ಕೆಲಸ ಗೊತ್ತಿದ್ದ ಹುಡುಗನೊಬ್ಬ ಬಂದಿದ್ದ. ಮಳೆಗಾಲದಲ್ಲಿ ಇದಕ್ಕೆ ಕೈ ಹಾಕಬಾರದು, ತೇವ ಬಣ್ಣದ ಒಳಗೇ ಉಳೀತದೆ. ಟೈರು, ವಾಲ್ವು, ತೂಕ ಸರಿ ಮಾಡ್ಲಿಕ್ಕೆ ಹೊಡೆದ ಸೀಸದ ತುಂಡು ಎಲ್ಲ ತೆಗೆಸಿದ್ರು. ಆ ತುಂಡಿನ ಕ್ಲಿಪ್ ಉಕ್ಕಿನದು. ಬೇರೆ ಎರಡು ಲೋಹ ಉಪ್ಪು ನೀರಲ್ಲಿ ಒಂದಕ್ಕೊಂದು ತಾಗಿದ್ರೆ ಅಲ್ಯೂಮಿನಿಯಮ್ ಸೋಲ್ತದೆ. ಹಾಂಗಾಗಿ ಅದರ ಅಡಿಯಲ್ಲೇ ಎಲ್ಲಕ್ಕಿಂತ ಹೆಚ್ಚು ತಿಂದಿತ್ತು.

ಬಣ್ಣ ಕಳಚಲಿಕ್ಕೆ ಪೇಂಟ್ ರಿಮೂವರ್ ಬಳಿದು ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿಟ್ರು. ಹೊತ್ತು ಕಳೆದ ಹಾಂಗೆ ಬಣ್ಣ ಹಾಲಿನ ಕೆನೆಯ ಹಾಂಗೆ ಸುಕ್ಕಾಯ್ತು. ಬಿದಿರ ಚಕ್ಕೆಯಿಂದ ಕೆರೆದು ತೆಗೆದ್ರು, ಕಬ್ಬಿಣದ ಚೂರಿ ಮುಟ್ಟಿಸ್ಲಿಲ್ಲ. ಇದರಲ್ಲಿ ಕೆಲವದರಲ್ಲಿ ಮೆಥಿಲೀನ್ ಕ್ಲೋರೈಡ್ ಇರ್ತದೆ. ಮುಚ್ಚಿದ ಕೋಣೆಯಲ್ಲಿ ಅದರ ಹಬೆ ಕುಡಿದು ಜನ ಸತ್ತದ್ದುಂಟು. ಬಾಗಿಲು ಪೂರಾ ತೆಗೆದು, ಕೈಗವಸು ಹಾಕಿಯೇ ಮಾಡಬೇಕು, ಮಕ್ಕಳನ್ನು ಹತ್ರ ಬಿಡಬಾರದು. ಕಾಸ್ಟಿಕ್ ಸೋಡಾದಲ್ಲಿ ಅದ್ದಿದ್ರೆ ಬೇಗ ಆಗ್ತದಲ್ಲ ಅಂತ ಕೇಳೂವವರಿಗೆ ಒಂದು ಮಾತು. ಅಲ್ಯೂಮಿನಿಯಮ್ ಪಾತ್ರೆಯನ್ನು ಸೋಡಾ ನೀರಲ್ಲಿ ಬಿಟ್ರೆ ಕಪ್ಪಾಗಿ ನೊರೆ ಏಳ್ತದಲ್ಲ, ಆ ನೊರೆ ಹೈಡ್ರೋಜನ್. ಸೋಡಾ ಬಣ್ಣದ ಜೊತೆಗೆ ಚಕ್ರವನ್ನೂ ತಿಂತದೆ. ಮರಳು ಹಾರಿಸಿ ತೆಗೆಯೂ ಯಂತ್ರವೂ ಉಂಟು. ಒರಟು ಮರಳಾದ್ರೆ ಮೈಯೆಲ್ಲ ಗುಳಿ ಬೀಳ್ತದೆ, ನುಣ್ಣಗಿನ ಗಾಜಿನ ಮಣಿಯೇ ಆಗ್ಬೇಕು.

ಮೂರು ಪದರ ಹೋಯ್ತು. ಅಡಿಯಲ್ಲಿ ಹಳೇ ಅಂಗಡಿಯವರು ತುಂಬಿದ ಲಪ್ಪ ಕಾಣ್ತು. ಅದನ್ನೂ ಕೆರೆದ ಮೇಲೆ ಒಂದು ಚಕ್ರದಲ್ಲಿ, ಕಡ್ಡಿ ನಡುಗುಂಬಕ್ಕೆ ಸೇರೂ ಮೂಲೆಯಲ್ಲಿ, ಕೂದಲೆಳೆಯ ಹಾಂಗಿನ ಒಂದು ಗೆರೆ ಕಾಣ್ತು. ಉಜ್ಜಿದ ಗೀರೋ, ಬಿರುಕೋ ಗೊತ್ತಾಗ್ಲಿಲ್ಲ. ಹುಡುಗ ಆ ಜಾಗಕ್ಕೆ ಸೀಮೆಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು ಪೂರಾ ಒರಸಿ, ಮೇಲೆ ಸೀಮೆಸುಣ್ಣದ ಪುಡಿ ಹಚ್ಚಿದ. ರೈಲ್ವೆ ಕಾರ್ಖಾನೆಗಳಲ್ಲಿ ಹಿಂದೆ ಅಚ್ಚು, ಚಕ್ರ ಪರೀಕ್ಷೆ ಮಾಡ್ತಿದ್ದ ವಿಧಾನ ಇದೇ, ಎಣ್ಣೆ ಮತ್ತು ಸುಣ್ಣ. ಈಗ ಇದಕ್ಕೆ ಕೆಂಪು ಬಣ್ಣದ ದ್ರವ ಸಿಗ್ತದೆ. ನಾವು ಮಡಿಕೆ ಕೊಳ್ಳೂವಾಗ ಬಡಿದು ಸ್ವರ ಕೇಳ್ತೇವಲ್ಲ, ಹಾಂಗೇ ಬಡಿದೂ ನೋಡ್ತಿದ್ರು. ಬೆಳ್ಳನೆ ಪುಡಿಯ ಮೇಲೆ ಸೀಮೆಎಣ್ಣೆ ನಿಧಾನಕ್ಕೆ ಒಸರಿ, ಸುಮಾರು ಎರಡು ಬೆರಳುದ್ದ ಒದ್ದೆ ಗೆರೆ ಮೂಡ್ತು. ಯಾರೂ ಮಾತಾಡ್ಲಿಲ್ಲ. ಆ ಚಕ್ರದ ಮೇಲೆ ಮಗಳನ್ನು ಕೂರಿಸಿಕೊಂಡು ಮೈದುನ ಹೆದ್ದಾರಿಯಲ್ಲಿ ಗೋಕರ್ಣಕ್ಕೆ ಎಷ್ಟು ಸಲ ಹೋಗಿ ಬಂದಿದ್ದನೋ.

ಬೆಸುಗೆ ಹಾಕಿ ಉಳಿಸ್ಲಿಕ್ಕೆ ಬರೂದಿಲ್ಲವಾ ಅಂತ ಮೈದುನ ಕೇಳ್ದ. ಹುಡುಗ ತಲೆ ಅಲ್ಲಾಡಿಸಿದ. ಅಂಚಿನಲ್ಲಿ ಚೂರು ಮುಕ್ಕಾಗಿದ್ರೆ ಬೇರೆ ಮಾತು. ಕಡ್ಡಿಯ ಬುಡಕ್ಕೆ ಬೆಸುಗೆ ಹಾಕಿದ್ರೆ ಆ ಕಾವಿಗೆ ಸುತ್ತಲಿನ ಲೋಹದ ಹದವೇ ಹೋಗ್ತದೆ. ವಿಲ್ಮ್ ಕಂಡುಹಿಡಿದ ಹದ ಬಂದದ್ದೂ ಕಾವಿನಿಂದ, ಹೋಗೂದೂ ಕಾವಿನಿಂದ. ಪೌಡರ್ ಕೋಟಿಂಗಿನಲ್ಲೂ ಇದೇ ಜಾಗ್ರತೆ ಬೇಕು. ಆ ಪುಡಿ ಕರಗಿ ಕೂರ್ಲಿಕ್ಕೆ ಸಾಮಾನ್ಯವಾಗಿ 180ರಿಂದ 200 ಡಿಗ್ರಿ ಕಾವಿನಲ್ಲಿ ಹತ್ತಿಪ್ಪತ್ತು ನಿಮಿಷ ಇಡ್ತಾರೆ. ಅದಕ್ಕಿಂತ ಹೆಚ್ಚು ಕಾವು, ಹೆಚ್ಚು ಹೊತ್ತು, ಮತ್ತೆ ಮತ್ತೆ ಬೇಯಿಸೂದು ಒಳ್ಳೇದಲ್ಲ. ಗ್ಯಾಸ್ ಜ್ವಾಲೆ ಹಿಡಿದು ಹಳೇ ಬಣ್ಣ ಸುಡೂದಂತೂ ಬೇಡವೇ ಬೇಡ.

ಉಳಿದ ಮೂರು ಚಕ್ರ ಪರೀಕ್ಷೆಯಲ್ಲಿ ಗೆದ್ವು. ಅವನ್ನು ಒರಟು ಕಾಗದದಿಂದ ಶುರು ಮಾಡಿ 240, 400, 600 ನಂಬರಿನ ಕಾಗದದವರೆಗೆ ನೀರು ಹಾಕಿ ಉಜ್ಜಿದ್ರು. ಗುಳಿಯ ಒಳಗಿನ ಬಿಳಿ ಪುಡಿ ಒಂದು ಕಣವೂ ಉಳೀಬಾರದು. ಬಾವಿಯ ಸಿಹಿನೀರಲ್ಲಿ ತೊಳೆದು, ಬಿಸಿಲಲ್ಲಿ ಒಣಗಿಸಿ, ಬರೀ ಕೈ ತಾಗಿಸದೆ ಅದೇ ದಿನ ಲೋಹವನ್ನು ಕಚ್ಚಿ ಹಿಡಿಯೂ ಎಚ್ ಪ್ರೈಮರ್ ಹೊಡೆದ್ರು. ನಮ್ಮ ಬೆವರಲ್ಲೂ ಉಪ್ಪು ಉಂಟಲ್ಲ. ಆಮೇಲೆ ತೆಳ್ಳಗೆ ಬೆಳ್ಳಿ ಬಣ್ಣ, ಮೇಲೆ ಲ್ಯಾಕರ್. ಮುಂದಿನ ಮೈಗಿಂತ ಒಳಮೈಗೆ ಹೆಚ್ಚು ಗಮನ ಕೊಟ್ರು, ಉಪ್ಪು ಕೆಸರು ಕೂರೂದು ಅಲ್ಲೇ. ಐದು ದಿನದ ಕೆಲಸ. ನಾಲ್ಕು ದಿನ ತೆಗೆಯೂದಕ್ಕೆ ಹೋಯ್ತು, ಬಣ್ಣಕ್ಕೆ ಒಂದೇ ದಿನ.

ನಿಮ್ಮ ಮನೆಯಲ್ಲಿ ಸ್ಪೋರ್ಟ್ಸ್ ಕಾರು ಇಲ್ಲದಿದ್ರೂ ಮಗನ ಬೈಕಿಗೆ, ಅಳಿಯನ ಕಾರಿಗೆ ಅಲಾಯ್ ಚಕ್ರ ಇದ್ದೇ ಇರ್ತದೆ. ಬೀಚಿಗೆ ಹೋಗಿ ಬಂದ ದಿನವೇ ಸಿಹಿನೀರು ಹಾಕಿಸಿ. ಹುಣಸೆಹುಳಿ, ನಿಂಬೆ, ಸೋಡಾ ಪುಡಿ ಹಿತ್ತಾಳೆ ಚೊಂಬಿಗೂ ಬಟ್ಟೆಗೂ ಇರಲಿ, ಚಕ್ರಕ್ಕೆ ಮೆತ್ತಗಿನ ಸೋಪೇ ಸಾಕು. ಲ್ಯಾಕರ್ ಚಕ್ಕೆ ಎದ್ದದ್ದು ಕಂಡ್ರೆ ಮಳೆಗಾಲಕ್ಕೆ ಮುಂಚೆ ಮುಚ್ಚಿಸಿ. ಬಣ್ಣಕ್ಕೆ ಕೊಟ್ರೆ ಬಣ್ಣ ಹೊಡೆಯೂ ಮೊದಲು ಬರೀ ಲೋಹವನ್ನು ಒಮ್ಮೆ ನಮಗೆ ತೋರಿಸಿ ಅಂತ ಕೇಳಿ. ತೋರಿಸೂದಿಲ್ಲ ಅಂದವರ ಹತ್ರ ಕೊಡಬೇಡಿ.

ಅದೇ ನಮೂನೆಯ ನಾಲ್ಕನೇ ಚಕ್ರ ಇನ್ನೂ ಸಿಕ್ಕಲಿಲ್ಲ. ಅಜ್ಜಿ ಕಾರು ಈಗ ನಾಲ್ಕು ಉಕ್ಕಿನ ಚಕ್ರದ ಮೇಲೆ ಓಡ್ತಾ ಉಂಟು. ಹೊಳೆಯೂ ಮೂರು ಚಕ್ರ ಹಳೇ ಸೀರೆಯಲ್ಲಿ ಸುತ್ತಿ ಅಟ್ಟದ ಮೇಲೆ, ತಾಮ್ರದ ಹಂಡೆಯ ಪಕ್ಕದಲ್ಲಿ ಇಟ್ಟಿದ್ದೇವೆ. ಬಿರುಕಿನ ಚಕ್ರವನ್ನು ಯಾರಾದ್ರೂ ಮತ್ತೆ ಬಣ್ಣ ಹೊಡೆದು ಮಾರಬಾರದು ಅಂತ ಮೈದುನ ಗುಜರಿಗೆ ಹಾಕೂ ಮೊದಲು ಗರಗಸದಲ್ಲಿ ಎರಡು ತುಂಡು ಮಾಡ್ದ.